ಬಾಳಿ ಬಂದ ಗಿಳಿ

ಗಿಳಿಯನ್ನು ಕುರಿತು ನಮ್ಮ ನುಡಿಯಲ್ಲಿ ಬಳಕೆಯಲ್ಲಿರುವ ಮಾತುಗಳೆಲ್ಲ ಬಹುಮಟ್ಟಿಗೆ ಮರಿಗಿಳಿಯನ್ನು ಕುರಿತವು. ಮುದ್ದು ಮಗುವನ್ನು ಗಿಣಿಮರಿ ಎನ್ನುತ್ತೇವೆ. ಅರ್ಥವರಿಯದೆ ಒಪ್ಪಿಸುವ ಓದನ್ನು ಗಿಳಿಪಾಠ ಎನ್ನುತ್ತೇವೆ. ಹೇಳಿದ್ದನ್ನೇ ಅಕ್ಕರೆಯಿಂದ ಮತ್ತೆ ಮತ್ತೆ ಹೇಳಿ ಸೋತಾಗ, ‘ಗಿಣಿಗೆ ಹೇಳಿದ ಹಾಗೆ ಹೇಳಿದೆ’ ಎಂದು ನಿಟ್ಟುಸಿರು ಬಿಡುತ್ತೇವೆ. ಈ ಮಾತುಗಳ ಹಿಂದೆ ಇರುವುದು ಒಂದೇ ಭಾವನೆ. ಗಿಳಿಯೆಂದರೆ ಏನೂ ಬರೆಯದ ಹಲಗೆ. ನಾವು ತಿದ್ದಿದ ಅಕ್ಷರ ಅದರ ಮೇಲೆ ಮೂಡುತ್ತದೆ. ಹಾಗಾದರೆ ಬೇರೊಂದು ಮನೆಯಲ್ಲಿ ಇಪ್ಪತ್ತೋ ಮೂವತ್ತೋ ವರ್ಷ ಬಾಳಿ, ಆ ಮನೆಯ ಮಾತು, ಆ ಮನೆಯ ಭಯ, ಆ ಮನೆಯ ಹಟಗಳನ್ನೆಲ್ಲ ಕಟ್ಟಿಕೊಂಡು ಒಂದು ದಿನ ನಮ್ಮ ಬಾಗಿಲಿಗೆ ಬಂದ ಗಿಳಿಯನ್ನು ಏನು ಮಾಡಬೇಕು? ಅದೂ ನಮ್ಮ ಮನೆಯಲ್ಲಿ ಆಗಲೇ ಬೇರೆ ಹಕ್ಕಿಗಳು ನೆಲೆಸಿರುವಾಗ? ನಾನಿಂದು ಹೇಳಹೊರಟಿರುವುದು ಇಂಥ ಗಿಳಿಯ ವಿಷಯ.

ಈ ಪ್ರಶ್ನೆಗೆ ನಮ್ಮ ಕಾವ್ಯಪರಂಪರೆಯಲ್ಲಿ ಒಂದು ಉತ್ತರವಿದೆ. ಏಳನೆಯ ಶತಮಾನದ ಬಾಣಕವಿಯ ‘ಕಾದಂಬರಿ’ಯನ್ನು ನಾಗವರ್ಮನು ಕನ್ನಡಕ್ಕೆ ತಂದದ್ದು ನಮಗೆಲ್ಲ ತಿಳಿದದ್ದೇ. ಆ ಕಥೆಯನ್ನು ಹೇಳುವುದು ವೈಶಂಪಾಯನನೆಂಬ ಗಿಳಿ. ಈ ಗಿಳಿಯೂ ನೆಲೆತಪ್ಪಿದ್ದೇ. ಬೂರುಗದ ಮುದಿಮರದ ಪೊಟರೆಯಲ್ಲಿ ಹುಟ್ಟಿ, ಬೇಡನ ಕೈಯಲ್ಲಿ ತಂದೆಯನ್ನು ಕಳೆದುಕೊಂಡು, ತರಗೆಲೆಯ ರಾಶಿಯ ಮೇಲೆ ಬಿದ್ದು ಉಳಿದ ಮರಿ. ಮುನಿಕುಮಾರನೊಬ್ಬನು ನೀರು ಹನಿಸಿ ಬದುಕಿಸಿದ ಜೀವ. ಅದು ಶೂದ್ರಕ ಮಹಾರಾಜನ ಆಸ್ಥಾನಕ್ಕೆ ಬಂದು, ಬಲಗಾಲನ್ನೆತ್ತಿ ಜಯಕಾರ ಹೇಳಿ ಪದ್ಯವನ್ನು ನುಡಿಯುತ್ತದೆ. ಆಗ ರಾಜನು ಅದರ ಪೂರ್ವೋತ್ತರವನ್ನು ಕೂಡಲೇ ಕೇಳುವುದಿಲ್ಲ. ಮಧ್ಯಾಹ್ನದ ಹೊತ್ತಾಯಿತೆಂದು ಅದನ್ನು ಒಳಗೆ ಕಳುಹಿಸುತ್ತಾನೆ. ತಾನೂ ಊಟ ಮುಗಿಸಿ ಬಂದು, ಒಳಗೆ ರುಚಿಯಾದುದೇನಾದರೂ ತಿಂದೆಯಾ ಎಂದು ವಿಚಾರಿಸುತ್ತಾನೆ. ಎಲ್ಲಿ ಹುಟ್ಟಿದೆ, ಯಾರು ಸಾಕಿದರು, ಪಂಜರದೊಳಗೆ ಹೇಗೆ ಬಂದೆ ಎಂದು ಕೇಳುವುದು ಅದಾದ ಮೇಲೆ.

ಈ ಕ್ರಮವನ್ನು ಗಮನಿಸಬೇಕು. ಮೊದಲು ವಿಶ್ರಾಂತಿ, ಆಮೇಲೆ ಆಹಾರ, ಆಮೇಲೆ ಪೂರ್ವವೃತ್ತಾಂತ. ವಯಸ್ಸಾದ ಗಿಳಿಯನ್ನು ಮನೆಗೆ ಕರೆತರುವವರಿಗೆ ಇಂದಿನ ಪಶುವೈದ್ಯರು ಹೇಳುವ ಬುದ್ಧಿಮಾತೂ ಹೆಚ್ಚುಕಡಮೆ ಇದೇ ಕ್ರಮದಲ್ಲಿದೆ.

ಮುಂದೆ ಹೋಗುವ ಮುನ್ನ ಕಾನೂನಿನ ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಬೀದಿಯ ಮರಗಳಲ್ಲಿ ಕೂಗಾಡುವ ಹಸಿರು ಗಿಳಿಯನ್ನಾಗಲಿ, ಹೆಗಲಿನ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿಯನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವನ್ನು ರಕ್ಷಿಸುತ್ತದೆ. ರೆಕ್ಕೆ ಮುರಿದು ಅಂಗಳಕ್ಕೆ ಬಿದ್ದ ಅಂಥ ಹಕ್ಕಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ನಾವು ಮಾಡಬಹುದಾದ ಉಪಕಾರ. ನಾನು ಹೇಳುತ್ತಿರುವುದು ಹೊರನಾಡಿನ ತಳಿಯ, ಪಂಜರದಲ್ಲಿಯೇ ಹುಟ್ಟಿ ಬೆಳೆದ ಗಿಳಿಗಳ ಮಾತು. ಮುಖ್ಯವಾಗಿ ಆಫ್ರಿಕದ ಬೂದುಗಿಳಿಯದು. ಮೈಯೆಲ್ಲ ಬೂದಿಯ ಬಣ್ಣ, ಬಾಲ ಮಾತ್ರ ಕುಂಕುಮದಂತೆ ಕೆಂಪು. ಹಿಡಿದು ಮಾರುವವರ ಹಾವಳಿಯಿಂದ ಘಾನಾದಂಥ ದೇಶದ ಕಾಡುಗಳಲ್ಲಿ ಈ ಹಕ್ಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಅಳಿದುಹೋಯಿತು. ಆದುದರಿಂದ 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ರಾಷ್ಟ್ರಗಳು, ಕಾಡಿನ ಬೂದುಗಿಳಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ನಿರ್ಧಾರ ಕೈಗೊಂಡುವು. ನಮ್ಮ ದೇಶದಲ್ಲಿಯೂ ಇಂಥ ಹಕ್ಕಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಅದು ಕೈ ಬದಲಾಯಿಸಿದರೆ ಅದನ್ನೂ ತಿಳಿಸಬೇಕು. ಕಾಗದಪತ್ರವಿಲ್ಲದ ಗಿಳಿಯನ್ನು ಕರುಣೆಯ ಹೆಸರಿನಲ್ಲಿ ಹಣ ಕೊಟ್ಟು ಬಿಡಿಸಿಕೊಂಡರೆ, ಆ ಕರುಣೆ ಇನ್ನೊಂದು ಗಿಳಿ ಬಲೆಗೆ ಬೀಳಲು ಕಾರಣವಾಗುತ್ತದೆ.

ಈ ಹಕ್ಕಿಗಳು ಏಕೆ ನೆಲೆ ತಪ್ಪುತ್ತವೆ? ಮುಖ್ಯ ಕಾರಣ ಅವುಗಳ ಆಯುಸ್ಸು. ಚೆನ್ನಾಗಿ ನೋಡಿಕೊಂಡ ಬೂದುಗಿಳಿ ನಲವತ್ತು ಐವತ್ತು ವರ್ಷ ಬದುಕುವುದುಂಟು. ಅಮೆರಿಕದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ‘ಕುಕಿ’ ಎಂಬ ಕಾಕಟೂ, 2016ರಲ್ಲಿ ಸಾಯುವಾಗ ಅದಕ್ಕೆ 83 ವರ್ಷವಾಗಿತ್ತು. ನಾಯಿಯನ್ನು ಸಾಕಿದವನು ತನ್ನ ಕಣ್ಣೆದುರೇ ಅದನ್ನು ಕಳೆದುಕೊಂಡು ದುಃಖಿಸುತ್ತಾನೆ. ಗಿಳಿಯನ್ನು ಸಾಕಿದವನನ್ನು ಗಿಳಿಯೇ ಕಳೆದುಕೊಳ್ಳುತ್ತದೆ. ಯಜಮಾನ ತೀರಿಕೊಂಡ, ಮಕ್ಕಳು ಪರದೇಶಕ್ಕೆ ಹೋದರು, ಒಂಟಿಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋದರು, ಪಕ್ಕದ ಮನೆಯವರು ಕೂಗಾಟ ತಾಳಲಾರೆವೆಂದರು: ಕಾರಣ ಹೀಗೆ ಯಾವುದಾದರೂ ಇರಬಹುದು. ಕ್ರೌರ್ಯವೇ ಇರಬೇಕೆಂದಿಲ್ಲ.

ನಮ್ಮ ಮನೆಗೆ ಬಂದ ಬೂದುಗಿಳಿಯ ಕಥೆಯೂ ಹಾಗೆಯೇ. ಅದು ಒಬ್ಬ ವೃದ್ಧ ತಾಯಿಯ ಹಕ್ಕಿ. ಆಕೆ ತೀರಿಕೊಂಡ ಮೇಲೆಯೂ ಗಿಳಿ ದಿನಬೆಳಗಾದರೆ ಆಕೆಯದೇ ದನಿಯಲ್ಲಿ, ‘ಹಾಲು ಬಂತೇನೋ?’ ಎಂದು ಕೂಗುತ್ತಿತ್ತು. ಮಗ ಐದು ತಿಂಗಳು ತಡೆದುಕೊಂಡರು. ಆಮೇಲೆ, ‘ಇನ್ನು ಆಗುವುದಿಲ್ಲ, ಸಾರ್’ ಎಂದರು. ಅವರನ್ನು ಕಲ್ಲೆದೆಯವರೆಂದು ಯಾರು ಹೇಳಿಯಾರು? ಅಂಚೆಯ ಲಕೋಟೆಯಲ್ಲಿ ನೋಂದಣಿಯ ಕಾಗದ, ಬೇರೊಂದು ಚೀಟಿಯಲ್ಲಿ ಅದು ತಿನ್ನುವ ಪದಾರ್ಥಗಳ ಪಟ್ಟಿ, ಇವೆರಡನ್ನೂ ಪಂಜರದ ಜೊತೆಗಿಟ್ಟು, ಗಿಳಿಯ ಕಡೆ ತಿರುಗಿ ನೋಡದೆ ಹೊರಟುಹೋದರು.

ಗಿಳಿಯ ವಯಸ್ಸು ಎಷ್ಟೆಂದು ಕೇಳುವವರುಂಟು. ಹಲ್ಲು ನೋಡಿ ದನದ ವಯಸ್ಸು ಹೇಳುವಂತೆ ಗಿಳಿಯ ವಯಸ್ಸು ಹೇಳಲಾಗುವುದಿಲ್ಲ. ಬೂದುಗಿಳಿಯ ಮರಿಗೆ ಕಣ್ಣು ಕಪ್ಪಗಿರುತ್ತದೆ, ಪ್ರಾಯಕ್ಕೆ ಬಂದಂತೆ ತಿಳಿಹಳದಿಯಾಗುತ್ತದೆ. ಅದಾದ ಮೇಲೆ ಐದು ವರ್ಷದ್ದೂ ಐವತ್ತರದ್ದೂ ನೋಟಕ್ಕೆ ಒಂದೇ. ನಮ್ಮದಕ್ಕೆ ಇಪ್ಪತ್ತೇಳು ಎಂದು ಮನೆಯವರು ಲೆಕ್ಕ ಹೇಳಿದರು.

ಇನ್ನು ಮೊದಲನೆಯದಾದ ವಿಶ್ರಾಂತಿಯ ವಿಷಯ. ಹೊಸ ಹಕ್ಕಿಯನ್ನು ಬಂದ ದಿನವೇ ಹಳೆಯ ಹಕ್ಕಿಗಳ ಎದುರಿಗಿಟ್ಟು ‘ಪರಿಚಯ’ ಮಾಡಿಸುವ ಉತ್ಸಾಹ ಸಹಜವಾದದ್ದು, ಆದರೆ ಅಪಾಯಕರವಾದದ್ದು. ಕಡಮೆಯೆಂದರೆ 30 ದಿನ, ಸಾಧ್ಯವಾದರೆ 45 ದಿನ, ಅದು ಬೇರೆ ಕೋಣೆಯಲ್ಲಿರಬೇಕು. ಅದರ ಬಟ್ಟಲು ಬೇರೆ, ಪಂಜರ ಒರೆಸುವ ಬಟ್ಟೆ ಬೇರೆ. ಮೊದಲು ಮನೆಯ ಹಕ್ಕಿಗಳ ಆರೈಕೆ ಮುಗಿಸಿ, ಕೊನೆಗೆ ಇದರ ಬಳಿ ಹೋಗಿ, ಕೈ ತೊಳೆದು ಹೊರಬರಬೇಕು. ನಮ್ಮ ಹಿಂದಿನವರು ಪಾಲಿಸುತ್ತಿದ್ದ ಮಡಿಯ ಅರ್ಥ ಏನಿತ್ತೋ, ಇಲ್ಲಿಯಂತೂ ಮಡಿಗೆ ಪೂರ್ಣ ವೈಜ್ಞಾನಿಕ ಆಧಾರವಿದೆ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ನಿಸ್ಸೀಮರು. ಕಾಡಿನಲ್ಲಿ ಸೊರಗಿದಂತೆ ಕಂಡದ್ದು ಗಿಡುಗನ ಪಾಲಾಗುತ್ತದೆ. ಗಿಳಿಜ್ವರವೆಂಬ ಬೇನೆ ಒಣಗಿದ ಹಿಕ್ಕೆಯ ಧೂಳಿನಿಂದ ಇತರ ಹಕ್ಕಿಗಳಿಗೂ ಮನುಷ್ಯರ ಶ್ವಾಸಕೋಶಕ್ಕೂ ತಗಲುತ್ತದೆ; 1929-30ರಲ್ಲಿ ಅದು ಹಲವು ದೇಶಗಳಲ್ಲಿ ಹಬ್ಬಿ ಜನರನ್ನು ಕೊಂದದ್ದುಂಟು. ಈಗ ಅದಕ್ಕೆ ಔಷಧವಿದೆ. ಆದರೆ ಕೊಕ್ಕನ್ನೂ ಗರಿಯನ್ನೂ ಕೆಡಿಸುವ ಇನ್ನೊಂದು ವೈರಸ್ ರೋಗವಿದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಆದುದರಿಂದ ಹಕ್ಕಿಗಳನ್ನು ಬಲ್ಲ ವೈದ್ಯರಲ್ಲಿ ರಕ್ತ, ಗರಿ, ಹಿಕ್ಕೆಗಳ ಪರೀಕ್ಷೆ ಮಾಡಿಸದೆ ಬಾಗಿಲು ತೆರೆಯಬಾರದು. ಮನೆಯಲ್ಲಿರುವ ಸಣ್ಣ ಹಕ್ಕಿಗಳು ಈ ಅತಿಥಿಯನ್ನು ಬರಹೇಳಿದವರಲ್ಲ. ನಮ್ಮ ಔದಾರ್ಯದ ದಂಡವನ್ನು ಅವು ತೆರುವಂತಾಗಬಾರದು.

ಈ ಏಕಾಂತ ಹೊಸ ಹಕ್ಕಿಗೂ ಹಿತವೇ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಹಿಂದೆ ಗಂಡನನ್ನು ಕಳೆದುಕೊಂಡ ಸೋದರತ್ತೆಯೊಬ್ಬಳು ತಮ್ಮನ ಮನೆಗೆ ಬಂದು ಸೇರುವುದಿತ್ತು. ಬಂದ ಹೊಸದರಲ್ಲಿ ಆಕೆ ನಡುಮನೆಗೆ ಬರುತ್ತಿರಲಿಲ್ಲ. ಹಿತ್ತಿಲ ಕಡೆಯ ಕೋಣೆಯಲ್ಲಿ ಕುಳಿತು ಮನೆಯ ಸದ್ದುಗಳನ್ನು ಕೇಳುತ್ತಿದ್ದಳು. ಯಾರು ಯಾವಾಗ ಏಳುತ್ತಾರೆ, ಯಾರ ದನಿ ಗಡಸು, ಅಡುಗೆಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದೆಲ್ಲ ಮನಸ್ಸಿಗೆ ಬಂದ ಮೇಲೆ, ಒಂದು ದಿನ ತಾನಾಗಿ ಬಂದು ತರಕಾರಿ ಹೆಚ್ಚಲು ಕೂಡುತ್ತಿದ್ದಳು. ಜಾಣರಾದ ಮನೆಯವರು ಅದಕ್ಕೆ ಮುಂಚೆ ಆಕೆಯನ್ನು ಕೈಹಿಡಿದು ಎಳೆಯುತ್ತಿರಲಿಲ್ಲ.

ನಮ್ಮ ಜಗಲಿಯ ಪಂಜರಗಳಲ್ಲಿ ಆರು ಬಜರಿಗಾರ್‌ಗಳೂ ಎರಡು ಕಾಕಟೀಲ್‌ಗಳೂ ಇವೆ. ಬಜರಿಗಾರ್ ಎಂದರೆ ಬೇರೇನೂ ಅಲ್ಲ. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ತಪ್ಪು ಹೆಸರಿನಲ್ಲಿ ಮಾರುವ ಆಸ್ಟ್ರೇಲಿಯದ ಪುಟ್ಟ ಗಿಳಿಗಳು. ಮುಚ್ಚಿದ ಬಾಗಿಲಿನಾಚೆ ಇವುಗಳ ಚಿಲಿಪಿಲಿಯನ್ನು ಬೂದುಗಿಳಿ ಎಂಟು ದಿನ ಮಾತಿಲ್ಲದೆ ಕೇಳಿತು. ಒಂಬತ್ತನೆಯ ದಿನ ಬೆಳಗ್ಗೆ ಪ್ರೆಷರ್ ಕುಕ್ಕರಿನಂತೆ ಉದ್ದನೆಯ ಒಂದು ಸಿಳ್ಳು ಹಾಕಿತು. ಜಗಲಿಯೆಲ್ಲ ಸ್ತಬ್ಧವಾಯಿತು. ನನ್ನ ಮನೆಯಾಕೆ ಒಲೆ ಆರಿಸಲು ಓಡಿದಳು. ಐದು ನಿಮಿಷದ ಮೇಲೆ ಬಜರಿಗಾರೊಂದು ಚಿಕ್ಕದಾಗಿ ಉತ್ತರ ಕೊಟ್ಟಿತು. ಮುಖ ನೋಡುವ ಮುನ್ನವೇ ದನಿಯ ಪರಿಚಯ ಹೀಗೆ ಆಯಿತು.

ಅವಧಿ ಮುಗಿದ ಮೇಲೆ ಒಂದೇ ಕೋಣೆಗೆ ತಂದರೂ ಒಂದೇ ಪಂಜರಕ್ಕೆ ಸೇರಿಸತಕ್ಕದ್ದಲ್ಲ. ತೂಕದ ಲೆಕ್ಕವನ್ನೇ ನೋಡಿ: ಬಜರಿಗಾರ್ ಮೂವತ್ತು ನಲವತ್ತು ಗ್ರಾಂ, ಕಾಕಟೀಲ್ ನೂರರ ಒಳಗೆ, ಬೂದುಗಿಳಿ ನಾನೂರರಿಂದ ಐನೂರು. ಗಟ್ಟಿ ಬೀಜವನ್ನು ಒಡೆಯುವ ಕೊಕ್ಕಿಗೆ ಸಣ್ಣ ಹಕ್ಕಿಯ ಕಾಲು ಒಂದು ಕಡ್ಡಿ. ಪಂಜರಗಳನ್ನು ಒತ್ತಾಗಿ ಇಟ್ಟರೆ ಸರಳಿನ ಸಂದಿಯಲ್ಲಿಯೇ ಬೆರಳು ಹೋದೀತು. ಆದ್ದರಿಂದ ಮೊದಲು ಕೋಣೆಯ ಈ ತುದಿ ಆ ತುದಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಹೊರಗೆ ಬಿಡುವಾಗ ಸರದಿಯಂತೆ ಬಿಡಬೇಕು. ಆಗ ಮೇಲಿನ ಫ್ಯಾನು ನಿಂತಿರಬೇಕು, ಯಾರಾದರೂ ಎದುರಿಗಿರಬೇಕು. ಮಾತಾಡಿಸುವುದರಲ್ಲಿಯೂ ಹಣ್ಣು ಕೊಡುವುದರಲ್ಲಿಯೂ ಹಳೆಯವಕ್ಕೇ ಮೊದಲ ಮಣೆ. ಹೊಸಬರ ಮೇಲಿನ ಅಕ್ಕರೆಯಲ್ಲಿ ಹಳಬರನ್ನು ಮರೆತ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ಇದು ಹಕ್ಕಿಗಳಿಗೆ ಮಾತ್ರ ಅನ್ವಯಿಸುವ ಸೂತ್ರವಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ಹಕ್ಕಿಗಳು ಎಂದೆಂದಿಗೂ ಒಂದಾಗುವುದಿಲ್ಲ. ಆಗದಿದ್ದರೆ ಬೇಡ. ದೂರದಲ್ಲಿ ಕುಳಿತು ಒಂದರ ದನಿಯನ್ನೊಂದು ಕೇಳುವುದೂ ಒಂದು ಬಗೆಯ ಒಕ್ಕಲುತನವೇ.

ಎರಡನೆಯದು ಆಹಾರ. ನಮ್ಮಲ್ಲಿ ಸಾಕಿದ ಗಿಳಿಗಳು ಬಹುತೇಕ ಸೂರ್ಯಕಾಂತಿ ಬೀಜದ ಮೇಲೆಯೇ ಬದುಕುತ್ತವೆ. ಅದರಲ್ಲಿ ಎಣ್ಣೆ ಹೇರಳ. ಎ ಜೀವಸತ್ವವೂ ಸುಣ್ಣದಂಶವೂ ತೀರ ಕಡಮೆ. ಬೂದುಗಿಳಿಗಂತೂ ಸುಣ್ಣದಂಶ ಇಳಿದರೆ ನಡುಕ ಬಂದು ಬೀಳುವುದುಂಟು. ಹಾಗೆಂದು ಒಂದೇ ದಿನ ಬೀಜ ನಿಲ್ಲಿಸಿ ಸೊಪ್ಪಿಟ್ಟರೆ, ಮುದಿ ಹಕ್ಕಿ ಅದನ್ನು ಆಹಾರವೆಂದೇ ಗುರುತಿಸದೆ ಉಪವಾಸ ಬೀಳುತ್ತದೆ. ಗ್ರಾಂ ಲೆಕ್ಕ ತೋರಿಸುವ ಸಣ್ಣ ತಕ್ಕಡಿಯನ್ನಿಟ್ಟುಕೊಂಡು ದಿನವೂ ಬೆಳಗ್ಗೆ ತೂಗಿ ಬರೆದಿಡಬೇಕು. ಹತ್ತರಲ್ಲೊಂದು ಪಾಲು ತೂಕ ಇಳಿದರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು. ಇಲ್ಲಿ ಮನೆಯ ಹಕ್ಕಿಗಳ ಉಪಕಾರ ದೊಡ್ಡದು. ಗಿಳಿಗಳು ಗುಂಪಿನಲ್ಲಿ ಮೇಯುವ ಜಾತಿ. ಒಂದು ತಿಂದದ್ದನ್ನು ಇನ್ನೊಂದು ನೋಡಿ ಕಲಿಯುತ್ತದೆ. ನಾವು ಎಷ್ಟು ಆಸೆ ತೋರಿಸಿದರೂ ಮೂಸಿ ನೋಡದಿದ್ದ ನುಗ್ಗೆಸೊಪ್ಪನ್ನು, ಎದುರಿನ ಪಂಜರದಲ್ಲಿ ಬಜರಿಗಾರ್‌ಗಳು ಜಗಳವಾಡಿ ಕಿತ್ತು ತಿನ್ನುವುದನ್ನು ಹದಿನೈದು ದಿನ ನೋಡಿ, ನಮ್ಮ ಬೂದುಗಿಳಿ ಹದಿನಾರನೆಯ ದಿನ ಕಾಲಿನಲ್ಲಿ ಹಿಡಿಯಿತು. ಐನೂರು ಗ್ರಾಮಿನ ವೃದ್ಧನಿಗೆ ಮೂವತ್ತು ಗ್ರಾಮಿನ ಬಾಲಕರು ಗುರುಗಳಾದರು. ಕ್ಯಾರೆಟ್ಟು, ಸಿಹಿಕುಂಬಳ, ಪರಂಗಿಹಣ್ಣು ಆಮೇಲೆ ಸಲೀಸಾಗಿ ಬಂದುವು. ಹಸಿಮೆಣಸಿನಕಾಯಿಗೆ ಯಾರ ಶಿಫಾರಸೂ ಬೇಕಾಗಲಿಲ್ಲ. ಅದರ ಖಾರ ಹಕ್ಕಿಯ ನಾಲಗೆಗೆ ತಟ್ಟುವುದೇ ಇಲ್ಲ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಇವು ಮಾತ್ರ ವಿಷವೆಂದು ತಿಳಿಯಬೇಕು. ಅಂಟದ ಲೇಪದ ಬಾಣಲೆ ಅತಿಯಾಗಿ ಕಾದರೆ ಬರುವ ಹೊಗೆ ಮನೆಯ ಹಕ್ಕಿಗಳನ್ನೆಲ್ಲ ನಿಮಿಷಗಳಲ್ಲಿ ಕೊಲ್ಲಬಲ್ಲದು. ಊದುಬತ್ತಿ ಸಾಂಬ್ರಾಣಿಗಳನ್ನೂ ಅವುಗಳಿಂದ ದೂರ ಇಡುವುದೇ ಲೇಸು.

ಮೂರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು, ಪೂರ್ವವೃತ್ತಾಂತ. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಷಿಕಾಗೊದ ಅಂಗಡಿಯೊಂದರಲ್ಲಿ ಕೊಂಡ ‘ಅಲೆಕ್ಸ್’ ಎಂಬ ಬೂದುಗಿಳಿ, 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದಗಳನ್ನು ಕಲಿತಿತ್ತು. ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು. ಗಿಳಿಪಾಠವೆಂಬ ನಮ್ಮ ಮಾತು ಗಿಳಿಗೆ ಅನ್ಯಾಯ ಮಾಡುತ್ತದೆಂದು ಆ ಪ್ರಯೋಗಗಳು ತೋರಿಸಿದುವು. ಅಷ್ಟು ಕಲಿಯಬಲ್ಲ ಪ್ರಾಣಿ ಅಷ್ಟೇ ನೆನಪಿಡಲೂ ಬಲ್ಲದು. ಬಿಚ್ಚಿದ ಕೊಡೆಯನ್ನು ಕಂಡರೆ ನಮ್ಮ ಗಿಳಿ ಪಂಜರದ ಮೂಲೆಗೆ ಸರಿದು ನಡುಗುತ್ತದೆ; ಏಕೆಂದು ಅದರ ಹಿಂದಿನ ಮನೆಯವರಿಗೂ ತಿಳಿಯದು. ಎದೆಯ ಗರಿಗಳನ್ನು ತಾನೇ ಕಿತ್ತುಕೊಂಡು ಅಂಗೈಯಗಲ ಚರ್ಮ ಬೋಳಾಗಿತ್ತು. ಸುತ್ತ ಒಂದಷ್ಟು ಮತ್ತೆ ಬಂದಿವೆ, ನಡುವೆ ಬರಲಿಲ್ಲ. ಬಹಳ ಕಾಲ ಕಿತ್ತ ಜಾಗದಲ್ಲಿ ಬೇರೇ ಸತ್ತುಹೋಗುತ್ತದೆ. ಬಂದವರು ಅದನ್ನು ನೋಡಿ ‘ಅಯ್ಯೋ’ ಎನ್ನುತ್ತಾರೆ. ನಾವು ಈಗ ಅನ್ನುವುದಿಲ್ಲ. ವಯಸ್ಸಾದವರ ಮೈಮೇಲಿನ ಗಾಯದ ಗುರುತನ್ನು ದಿನವೂ ಎತ್ತಿ ಆಡುವುದು ಸೌಜನ್ಯವಲ್ಲ.

ಇನ್ನು ಆ ಕೂಗು. ಮೊದಮೊದಲು ಬೆಳಗಿನ ಆರು ಗಂಟೆಗೆ ನಮ್ಮ ಮನೆಯಲ್ಲಿ ಕಾಣದ ಹೆಂಗಸೊಬ್ಬಳು ‘ಹಾಲು ಬಂತೇನೋ?’ ಎಂದು ಕೇಳಿದಾಗ ಮೈ ಜುಮ್ಮೆನ್ನುತ್ತಿತ್ತು. ಬೇರೆ ಮಾತು ಕಲಿಸಿ ಅದನ್ನು ಮರೆಸಿಬಿಡಿ ಎಂದು ಸ್ನೇಹಿತರು ಸಲಹೆ ಕೊಟ್ಟರು. ಮನೆಯಾಕೆ ಒಪ್ಪಲಿಲ್ಲ. ಒಂದು ದಿನ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಡುತ್ತಾ, ‘ಬಂತು’ ಎಂದಳು. ಗಿಳಿ ತಲೆಯೋರೆ ಮಾಡಿ ಕೇಳಿ, ಕೊಕ್ಕನ್ನು ಕಟಕಟ ಮಸೆದು ಸುಮ್ಮನಾಯಿತು. ಅಂದಿನಿಂದ ದಿನವೂ ಹೀಗೆಯೇ. ಒಂದೇ ಪ್ರಶ್ನೆ, ಒಂದೇ ಉತ್ತರ. ಕಾಡಿನಲ್ಲಿ ಗಿಳಿಗಳು ಎಲೆಮರೆಯಲ್ಲಿ ಚದುರಿದಾಗ ಒಂದನ್ನೊಂದು ಕೂಗಿ ವಿಚಾರಿಸಿಕೊಳ್ಳುತ್ತವೆ. ಉತ್ತರ ಬಂದರೆ ನೆಮ್ಮದಿಯಿಂದ ಮೇಯುತ್ತವೆ. ಬಾರದಿದ್ದರೆ ಮತ್ತೆ ಮತ್ತೆ ಕೂಗುತ್ತವೆ. ಹಾಗಾದರೆ ನಮ್ಮ ಗಿಳಿಯ ಪ್ರಶ್ನೆ ಹಾಲಿನದಲ್ಲ. ‘ಇದ್ದೀರಾ?’ ಎಂಬುದು ಅದರ ಅರ್ಥ. ಸತ್ತವರ ದನಿಯಲ್ಲಿ ಕೇಳಿದರೂ ಕೇಳುತ್ತಿರುವುದು ಬದುಕಿರುವವರನ್ನು. ನೆಲೆತಪ್ಪಿದ ಹಕ್ಕಿಯನ್ನು ದತ್ತು ತೆಗೆದುಕೊಳ್ಳುವುದೆಂದರೆ, ನಮ್ಮದಲ್ಲದ ಆ ಕೂಗಿಗೆ ನಾವು ಓಗೊಡಲು ಒಪ್ಪುವುದು. ಹಳೆಯದನ್ನು ಅಳಿಸಿ ನಮ್ಮದನ್ನು ಬರೆಯುತ್ತೇನೆನ್ನುವವರು ಮರಿಯನ್ನೂ ತರಬಾರದು, ಮುದಿಯನ್ನೂ ತರಬಾರದು.

ಕಡೆಯದಾಗಿ ಒಂದು ಕರ್ತವ್ಯದ ಮಾತು. ನನಗೆ ಅರವತ್ತು ದಾಟಿದೆ. ಗಿಳಿಗೆ ಇನ್ನೂ ಇಪ್ಪತ್ತು ವರ್ಷ ಆಯುಸ್ಸಿರಬಹುದು. ಲೆಕ್ಕ ಎಳೆಯ ಮಗುವಿಗೂ ತಿಳಿಯುವಂಥದು. ಆದುದರಿಂದ ಗಿಳಿಯನ್ನು ಒಳಗೆ ತರುವ ಮೊದಲೇ ಅದರ ಮುಂದಿನ ಮನೆ ಯಾವುದೆಂದು ಗೊತ್ತುಮಾಡಿ, ಆ ಮನೆಯವರ ಬಾಯಿಂದ ಒಪ್ಪಿಗೆ ಪಡೆಯಬೇಕು. ನನ್ನ ತಂಗಿಯ ಮಗಳು ಒಪ್ಪಿದ್ದಾಳೆ. ತಿಂಗಳಿಗೊಮ್ಮೆ ಬಂದು ಅದರ ಬಳಿ ಕುಳಿತು ಹೋಗುತ್ತಾಳೆ. ಆ ವೃದ್ಧೆಯ ಮಗ ಕೊಟ್ಟ ಚೀಟಿಯಲ್ಲಿ ತಿಂಡಿಗಳ ಹೆಸರು ಮಾತ್ರ ಇತ್ತು. ನಾವು ಅದಕ್ಕೊಂದು ನೋಟುಪುಸ್ತಕ ಮಾಡಿದ್ದೇವೆ. ಅದರ ತೂಕ, ಅದು ಕಂಡ ವೈದ್ಯರು, ಒಗ್ಗುವ ಸೊಪ್ಪು, ಹೆದರುವ ವಸ್ತು, ತಲೆಯನ್ನು ಯಾವ ಕಡೆ ಸವರಿದರೆ ಕಣ್ಣು ಮುಚ್ಚುತ್ತದೆ, ಎಲ್ಲವನ್ನೂ ಅದರಲ್ಲಿ ಬರೆದಿದೆ. ಮೊದಲನೆಯ ಪುಟದಲ್ಲಿ ಮನೆಯಾಕೆ ದಪ್ಪಕ್ಷರದಲ್ಲಿ ಬರೆದಿದ್ದಾಳೆ: ‘ಬೆಳಗ್ಗೆ ಹಾಲು ಬಂತೇ ಎಂದು ಕೇಳುತ್ತದೆ. ಬಂತು ಎಂದು ಹೇಳಬೇಕು.’